ಮರ ನೋಡದೆ ಅರ್ಜಿ ಬರೆಯದ ಚೆನ್ನಯ್ಯ

ಬೆಳಗಿನ ಆರು ಗಂಟೆ. ಮಧುವನಹಳ್ಳಿಯ ಕೆಂಪನಂಜಪ್ಪನವರ ಹಿತ್ತಿಲಲ್ಲಿ ಚೆನ್ನಯ್ಯ ಹುಣಸೆಮರಕ್ಕೆ ಟೇಪು ಸುತ್ತುತ್ತಿದ್ದಾರೆ. ಎದೆಮಟ್ಟದಲ್ಲಿ ಹನ್ನೊಂದು ಅಡಿ. ಆಮೇಲೆ ಕಾಂಡವನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ. ಅವರೇನೂ ಅರಣ್ಯ ಇಲಾಖೆಯವರಲ್ಲ. ಕೊಳ್ಳೇಗಾಲದ ಜೆರಾಕ್ಸ್ ಅಂಗಡಿಯೊಂದರ ಜಗಲಿಯಲ್ಲಿ ಕೂತು ಅರ್ಜಿ ಬರೆಯುವವರು.

"ಒಣಗೋಗದೆ ಅಂತ ಬರ್ದ್ಬುಡು ಚೆನ್ನಯ್ಯ, ಬಿರ್ರನೆ ಪರ್ಮಿಶನ್ ಸಿಕ್ತದೆ" ಎನ್ನುತ್ತಾರೆ ಕೆಂಪನಂಜಪ್ಪ.

"ಚಿಗುರು ಕಾಣ್ತಾ ಅದೆಯಲ್ಲ, ಎಂಗ್ ಬರೀಲಿ?"

"ನಿನ್ ಗಂಟೇನ್ ಓಯ್ತದೆ?"

ಚೆನ್ನಯ್ಯ ಪೆನ್ನು ತೆಗೆಯುವುದಿಲ್ಲ.

ಸ್ವಂತ ಜಮೀನಿನದಾದರೂ ಮರ ಕಡಿಯಲು ಅನುಮತಿ ಬೇಕು. ತೆಂಗು, ಸರ್ವೆ, ನೀಲಗಿರಿಯಂಥ ಕೆಲವಕ್ಕಷ್ಟೇ ವಿನಾಯಿತಿ. ಉಳಿದವಕ್ಕೆ ಪಹಣಿ, ಜಂಟಿ ಖಾತೆಯಾದರೆ ಎಲ್ಲರ ಒಪ್ಪಿಗೆ, ಮರದ ಜಾತಿ, ಸಂಖ್ಯೆ, ಕಡಿಯಲು ಕಾರಣ ಎಲ್ಲವೂ ಅರ್ಜಿಯಲ್ಲಿರಬೇಕು. ಅಧಿಕಾರಿ ಸ್ಥಳಕ್ಕೆ ಬಂದಾಗ ಕಾಗದಕ್ಕೂ ಮರಕ್ಕೂ ತಾಳೆಯಾಗದಿದ್ದರೆ ಹನೂರಿನ ಆಚೆಯಿಂದ ಬಸ್ಸು ಹಿಡಿದು ಬಂದವರು ಮತ್ತೆ ಮತ್ತೆ ಅಲೆಯಬೇಕು. ಅರವತ್ತಮೂರು ವರ್ಷದ ಚೆನ್ನಯ್ಯ ವಾರಕ್ಕೆ ನಾಲ್ಕೈದು ಅಂಥ ಅರ್ಜಿ ಬರೆಯುತ್ತಾರೆ. ಪ್ರತಿ ಮರವನ್ನೂ ಮೊದಲು ಕಣ್ಣಾರೆ ನೋಡುತ್ತಾರೆ.

ಮೊದಲು ಹೀಗಿರಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಯಳಂದೂರಿನ ಕಡೆಯ ಮಹಾಲಕ್ಷ್ಮಮ್ಮ ಹೊಸ ಮನೆಯ ಬಾಗಿಲಿಗೆಂದು ಹೊಲದ ಮರ ಕಡಿಸಲು ಹೊರಟಿದ್ದರು. ಅವರು 'ಮೂರು' ಎಂದದ್ದನ್ನು ಚೆನ್ನಯ್ಯ ಅವಸರದಲ್ಲಿ 'ಎರಡು' ಎಂದು ಬರೆದರು. ಅನುಮತಿಯೂ ಎರಡಕ್ಕೇ ಬಂತು. ಓದು ಬಾರದ ಆಕೆ ಮೂರನ್ನೂ ಕಡಿಸಿದರು. ದಿಮ್ಮಿ ಸಾಗಿಸುತ್ತಿದ್ದ ಲಾರಿಯನ್ನು ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿ, ಲೆಕ್ಕ ತಾಳೆಯಾಗದೆ ಜಪ್ತಿ ಮಾಡಿದರು. ಚೆನ್ನಯ್ಯ ತಾವೇ ಅರಣ್ಯ ಕಚೇರಿಗೆ ಹೋಗಿ, ತಪ್ಪು ತಮ್ಮದೆಂದು ಬರೆದುಕೊಟ್ಟರು. ದಿಮ್ಮಿಗಳು ಬಿಡುಗಡೆಯಾಗಲು ಎಂಟು ತಿಂಗಳು ಹಿಡಿಯಿತು. ಅಷ್ಟರಲ್ಲಿ ಮಳೆಗೆ ನೆನೆದು ಹುಳು ಹಿಡಿದಿದ್ದವು.

"ಆ ಯಮ್ಮ ಒಂದ್ ಮಾತೂ ಬಯ್ಲಿಲ್ಲ ಸಾ. ಗೋಣಿತಾಟಿನ ಬಾಗ್ಲು ಕಟ್ಕಂಡೇ ಮನೆ ಒಕ್ಕಲಾದ್ರು. ನೋಡಾಕೋದ್ ನಂಗೇ ಕುಂಡ್ರಿಸಿ ಪಾಯ್ಸ ಇಕ್ಕುದ್ರು. ಅವತ್ತಿಂದ ಮರ ನೋಡ್ದೆ ಪೆನ್ನು ಮುಟ್ಟಕಿಲ್ಲ" ಎನ್ನುತ್ತಾರೆ ಚೆನ್ನಯ್ಯ.

ಮರ ನೋಡಲು ಹೋದಾಗೆಲ್ಲ ಚೆನ್ನಯ್ಯನವರಿಗೆ ಹುಟ್ಟೂರು ಮುಳ್ಳೂರು ನೆನಪಾಗುತ್ತದೆ. ಅವರ ಚಿಕ್ಕಂದಿನಲ್ಲಿ ಅಲ್ಲಿ ಮರವೇ ವಿಳಾಸ. ಜೋಡಿಹುಣಸೆ ಹೊಲ, ಹಿಪ್ಪೆಮರದ ಮನೆ, ಬೇವಿನಕಟ್ಟೆ ಬೀದಿ. ಅವ್ವ ಬುತ್ತಿ ಕೊಟ್ಟು "ಹಿಪ್ಪೆಮರದ ತಾವ ಓಗು" ಎಂದರೆ ಸಾಕು, ಅಪ್ಪ ಅಲ್ಲೇ ಇರುತ್ತಿದ್ದ. "ಈಗ ಊರ್ಗೋದ್ರೆ ಟವರ್ ಪಕ್ಕ, ಬೋರ್ವೆಲ್ ಹಿಂದೆ ಅಂತಾರೆ. ನಮ್ಮಂತ ವಯಸ್ಸಾದೋರ್ ಬಾಯಲ್ಲಷ್ಟೇ ಆ ಎಸ್ರು ಉಳ್ಕಂಡದೆ, ಮರ ಇಲ್ಲ."

ಇತ್ತ ಹಿತ್ತಿಲ ಹುಣಸೆಮರದಡಿ ಚೆನ್ನಯ್ಯ ಕೇಳುತ್ತಾರೆ: "ನಿಜ ಏಳಿ ಬುದ್ದಿ, ಯಾಕ್ ಕಡಿಸ್ತಿದ್ದೀರಿ?"

ಕೆಂಪನಂಜಪ್ಪನವರ ದನಿ ಇಳಿಯುತ್ತದೆ. "ನಮ್ಮಜ್ಜಿ ನೆಟ್ಟ ಮರ ಕಣಪ್ಪ. ವಳ್ಗೆಲ್ಲ ಟೊಳ್ಳು. ಓದ್ ತಿಂಗ್ಳು ಕೊಂಬೆ ಮುರ್ದು ಕೊಟ್ಗೆ ಮ್ಯಾಲ್ ಬಿತ್ತು, ಹಸ ಉಳೀಲಿಲ್ಲ. ಅಲ್ಲೇ ಮೊಮ್ಮಕ್ಳು ಆಡ್ತವೆ. ಒಣಗೋಗದೆ ಅಂತ ಬರ್ದ್ರೆ, ಜೀವ ಇರೋ ಮರ ಕಡಿಸ್ದೆ ಅನ್ನೋ ಸಂಕ್ಟ ಇಲ್ದೆ ನಂಗೂ ಸಮಾಧಾನ ಆಯ್ತದಲ್ಲ ಅಂತ."

"ಇದನ್ನೇ ಬರೀತೀನಿ. ಇದಕ್ಕಿಂತ ದೊಡ್ಡ ಕಾರಣ ಬೇಕಾ?"

ಟೊಳ್ಳು, ಮುರಿದ ಕೊಂಬೆ, ಕೊಟ್ಟಿಗೆಗಿರುವ ದೂರ ಎಲ್ಲವನ್ನೂ ಅಲ್ಲೇ ಮನೆಯ ಜಗಲಿಯಲ್ಲಿ ಕೂತು ಬರೆದು ಓದಿ ಹೇಳುತ್ತಾರೆ. ಕೆಂಪನಂಜಪ್ಪ ಸಹಿ ಹಾಕಿ, ಒಳಗೆ ತಿರುಗಿ ಕಾಫಿ ತರಲು ಕೂಗುತ್ತಾರೆ.

ಮೂರು ವಾರದಲ್ಲಿ ಅನುಮತಿ ಬಂದಿದೆ, ಬದಲಿಗೆ ಸಸಿ ನೆಡಬೇಕೆಂಬ ಷರತ್ತಿನೊಂದಿಗೆ. ಕಡಿಯುವ ದಿನ ಚೆನ್ನಯ್ಯ ಅತ್ತ ತಲೆ ಹಾಕಿಲ್ಲ. ಸಸಿ ನೆಟ್ಟರೆಂದು ಕೇಳಿದ ಮೇಲೆ ಹೋಗಿ ನೋಡಿ ಬಂದಿದ್ದಾರೆ.

"ಒಂದಾಸೆ ಅದೆ ಸಾ" ಎನ್ನುತ್ತಾರೆ. "ನಾನ್ ಅರ್ಜಿ ಬರ್ದ್ ಜಾಗದಲ್ಲಿ ನೆಟ್ಟಿರೋ ಯಾವ್ದಾರ ಒಂದ್ ಗಿಡ ದೊಡ್ಡದಾಗ್ಲಿ. ಕಾಲಲ್ಲಿ ಕಸುವಿರೋವಾಗ್ಲೇ ಅದರ ನೆಳ್ಳಲ್ಲಿ ಒಂದ್ ದಪ ಕುಂತ್ಕಂಡು ಉಣ್ಬೇಕು."