ಚಳಿಗೆ ಇಳಿಯುವ ಸ್ಯಾಕ್ಸೋಫೋನ್

ನಮ್ಮ ನ್ಯಾಮತಿ ಬ್ಯಾಂಡಿನಲ್ಲಿ ನಾನು ಊದುವುದು ಅಪ್ಪನ ಕಾಲದ ದೊಡ್ಡ ಸ್ಯಾಕ್ಸೋಫೋನ್. ನೆಲಕ್ಕಿಟ್ಟರೆ ನನ್ನ ಎದೆಮಟ್ಟಕ್ಕೆ ಬರುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಅದಕ್ಕೂ ಟಿಕೆಟ್ ಹರಿಯುತ್ತಾನೆ, ಸೀಟು ಮಾತ್ರ ಕೊಡುವುದಿಲ್ಲ. ತೂತು ಮುಚ್ಚುವ ಚರ್ಮದ ಬಿಲ್ಲೆಗಳು ಸವೆದು ಗಾಳಿ ಸೋರುತ್ತದೆ. ಅಲ್ಲಲ್ಲಿ ಸೈಕಲ್ ಟ್ಯೂಬಿನ ತೇಪೆ ಹಾಕಿದ್ದೇನೆ. ಒಂದು ಹಾಡು ಮುಗಿಯುವಷ್ಟರಲ್ಲಿ ಏದುಸಿರು. ಇಷ್ಟೆಲ್ಲ ಸಹಿಸಿಕೊಂಡೇನು, ಚಳಿಗಾಲದ ಮುಹೂರ್ತ ಮಾತ್ರ ಬೇಡಪ್ಪ. ತಣ್ಣಗಾದರೆ ಅದರ ಸ್ವರ ಇಳಿದುಬಿಡುತ್ತದೆ. ಊದಿ ಊದಿ ಬೆಚ್ಚಗೆ ಮಾಡಿದರೆ ಸರಿಹೋಗುತ್ತದೆ, ನಿಜ. ಆದರೆ ನಮ್ಮಲ್ಲಿ ಹೆಣ್ಣಿನ ಕಡೆಯವರು ವೀಳ್ಯ ಕೊಡುವ ತನಕ ಯಾರೂ ವಾದ್ಯಕ್ಕೆ ಉಸಿರು ತಾಗಿಸುವ ಹಾಗಿಲ್ಲ.

ಬ್ಯಾಂಡಿನ ಮಾಸ್ತರರು ಕ್ಲಾರಿನೆಟ್ ನುಡಿಸುತ್ತಾರೆ. ಊದುವವರು ನಾವಿಬ್ಬರೇ, ಮಿಕ್ಕವರೆಲ್ಲ ಬಡಿಯುವವರು. ನನಗಿಂತ ಮೊದಲು ಅವರು ಅಪ್ಪನ ಪಕ್ಕದಲ್ಲಿ ನಿಂತು ಊದಿದವರು. ಜಗಳೂರಿನ ಮದುವೆಗೆ ಹೊರಟಾಗ ಬಸ್‌ಸ್ಟ್ಯಾಂಡಿನಲ್ಲೇ ಹೇಳಿಬಿಟ್ಟರು.

“ನೋಡಪ್ಪಾ, ಚನ್ನಗಿರಿ ಮದುವೆಯಾಗೆ ನಿನ್ನ ವಾದ್ಯದಿಂದ ಮರ್ಯಾದೆ ಹೋಯ್ತು. ಈ ಸಲಾನೂ ಅದು ಅಪಸ್ವರ ಹೊಡೆದ್ರೆ ಮನೆಯಾಗೆ ಇಟ್ಟುಬಿಡು. ಕೀಬೋರ್ಡಿನವನು ಬರಾಕೆ ತಯಾರಿದಾನೆ.”

“ಮತ್ತೆ ನಾನು?”

“ನೀನು ತಾಳ ಹಾಕು.”

ಅಪ್ಪನ ವಾದ್ಯ ಅಟ್ಟಕ್ಕೆ, ನಾನು ತಾಳಕ್ಕೆ. ಸಿಟ್ಟು ನೆತ್ತಿಗೇರಿತು. ದಾರಿಯುದ್ದಕ್ಕೂ ಅವರನ್ನು ಮಾತಾಡಿಸಲಿಲ್ಲ.

ಬೆಳಗಿನ ಜಾವ ಜಗಳೂರಿನಲ್ಲಿ ಹಲ್ಲು ಕಟಕಟ ಅನ್ನುವ ಚಳಿ. ವಾದ್ಯವನ್ನು ಶಾಲಿನೊಳಗೆ ಅಪ್ಪಿಕೊಂಡು ಉಜ್ಜುತ್ತ ಕೂತೆ. ಹೆಣ್ಣಿನ ತಂದೆಗೆ ನೂರೆಂಟು ಕೆಲಸ. ವೀಳ್ಯ ಕೈಗೆ ಬರುವ ಹೊತ್ತಿಗೆ ಮುಹೂರ್ತವೂ ಬಂದೇಬಿಟ್ಟಿತು. ಪುರೋಹಿತರು ಕೈಯೆತ್ತಿ ಗಟ್ಟಿಮೇಳ ಎಂದರು. ಊದಿದೆ. ಮೊದಲ ಸ್ವರವೇ ಜಾರಿತು. ಕ್ಲಾರಿನೆಟ್ ಒಂದು ಕಡೆ, ನಾನು ಇನ್ನೊಂದು ಕಡೆ. ಮುಗಿಯಿತು ನನ್ನ ಕಥೆ ಅಂದುಕೊಂಡು ಕಣ್ಣು ಮುಚ್ಚಿ ಊದುತ್ತಲೇ ಇದ್ದೆ. ನಡುವೆ ಕ್ಲಾರಿನೆಟ್ ಒಂದು ಗಳಿಗೆ ನಿಂತಿತು. ಮತ್ತೆ ಶುರುವಾದಾಗ ಎರಡೂ ಸ್ವರ ಸೇರಿಕೊಂಡಿದ್ದವು.

ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟೆ. “ನೋಡಿದ್ರಾ ಮಾಸ್ತರೇ, ಹೆಂಗೆ ಬೆಚ್ಚಗಾಗಿ ಸರಿಹೋಯ್ತು?”

ಅವರು ಅನ್ನ ಕಲಸುತ್ತಿದ್ದರು. ಪಕ್ಕದಲ್ಲಿದ್ದ ಅವರ ಕ್ಲಾರಿನೆಟ್ ಮೇಲೆ ನನ್ನ ಕಣ್ಣು ಬಿತ್ತು. ಬಾಯಿಗಿಡುವ ತುದಿಯ ಕೆಳಗಿನ ತುಂಡನ್ನು ಸ್ವಲ್ಪ ಹೊರಗೆ ಎಳೆದಿದ್ದರು. ಹಾಗೆ ಎಳೆದರೆ ಕ್ಲಾರಿನೆಟ್ಟಿನ ಸ್ವರ ಇಳಿಯುತ್ತದೆ. ನನ್ನದು ಏರಿರಲೇ ಇಲ್ಲ, ಅವರೇ ತಮ್ಮದನ್ನು ಇಳಿಸಿದ್ದರು. ನಾಚಿಕೆಯಾಯಿತು, ಅಳುವೂ ಬಂತು.

“ನಾಳೆ ಹೊನ್ನಾಳಿ ಮದುವೆಗೆ ತಾಳ ತಗೊಂಡು ಬರ್ಲೇನ್ರೀ?” ಎಂದು ಕೇಳಿದೆ.

“ಸುಮ್ನೆ ಉಣ್ಣು,” ಎಂದರು. “ನಿಮ್ಮಪ್ಪನ ವಾದ್ಯ ಪಕ್ಕದಾಗೆ ಇಲ್ದೆ ನಂಗೆ ಊದಾಕೆ ಬರಲ್ಲ.”