ಲಂಕೆಯ ಒಣ ಕೆರೆಗಳ ದಾರಿಯಲ್ಲಿ ಅಣ್ಣ

ಅಣ್ಣನ ಕಣ್ಣು ಹೋಗುತ್ತಿದೆ ಎಂದು ನಮಗೆ ಗೊತ್ತಾದದ್ದು ಮದರಾಸಿನ ಕ್ರೋಂಪೇಟೆ ಸ್ಟೇಷನ್ನಿನಲ್ಲಿ. ಸಂಜೆ ಆಫೀಸು ಮುಗಿಸಿ ಟ್ರೈನಿನಿಂದ ಇಳಿದವನು ಮೇಲ್ಸೇತುವೆಯ ಕೊನೆಯ ಮೂರು ಮೆಟ್ಟಿಲು ಇಲ್ಲವೇ ಇಲ್ಲ ಎನ್ನುವ ಹಾಗೆ ಕಾಲಿಟ್ಟು ಬಿದ್ದ. ಮುಂಗೈ ಮುರಿಯಿತು. ಮೂಳೆಗೆ ಕಟ್ಟು ಹಾಕಿದ ಡಾಕ್ಟರೇ, ಮೊದಲು ಕಣ್ಣು ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ಕಣ್ಣಿನ ಡಾಕ್ಟರು ಮೊದಲು ಮಾತಾಡಿಸಿದ್ದು ಅಣ್ಣನನ್ನಲ್ಲ, ಅಮ್ಮನನ್ನು. "ನಿಮ್ಮ ಮದುವೆ ಸಂಬಂಧದಲ್ಲೇ ಆದದ್ದಾ?" ಅಮ್ಮ ಹೌದು, ಸೋದರಮಾವನನ್ನೇ, ಎಂದಳು. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುತ್ತದೆ, ಮೊದಲು ಕತ್ತಲಲ್ಲಿ ಕಾಣುವುದು ನಿಲ್ಲುತ್ತದೆ, ಆಮೇಲೆ ಪಕ್ಕದಲ್ಲಿರುವುದು, ಕೊನೆಗೆ ಎದುರಿಗಿರುವುದು ಎಂದು ವಿವರಿಸಿದರು. ಔಷಧಿ ಏನು ಎಂದು ಕೇಳಿದ್ದಕ್ಕೆ ಕನ್ನಡಕ ತೆಗೆದು ಒರೆಸಿಕೊಂಡರು. ಅಮ್ಮ ಆ ದಿನದಿಂದ ಅಪ್ಪನ ಫೋಟೋಗೆ ಹೂವು ಇಡುವುದನ್ನು ಬಿಟ್ಟಳು.

ನಾನೂ ಪರೀಕ್ಷೆ ಮಾಡಿಸಿಕೊಂಡೆ. ನನಗೇನೂ ಇರಲಿಲ್ಲ. ಆ ಚೀಟಿಯನ್ನು ಯಾರಿಗೂ ತೋರಿಸದೆ ಬೀರುವಿನಲ್ಲಿ ಸೀರೆಗಳ ಅಡಿಗೆ ತಳ್ಳಿದೆ.

ಅಣ್ಣನಿಗೆ ಆಗ ಮೂವತ್ತೆಂಟು, ನನಗೆ ಮೂವತ್ತಮೂರು. ಅಪ್ಪ ಚಾಮರಾಜನಗರದ ಕಡೆಯಿಂದ ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದವರು. ಅಣ್ಣನೂ ರೈಲ್ವೆಯಲ್ಲೇ ಸೇತುವೆಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದ. ನಾನು ಬ್ಯಾಂಕಿನಲ್ಲಿ. ಇಬ್ಬರಿಗೂ ಮದುವೆಯಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಅವನ ಜೊತೆ ಸೈಕಲ್ ಹತ್ತಿ ಮಹಾಬಲಿಪುರದ ತನಕ ಹೋಗಿ ಬರುವುದು ನನ್ನ ಅಭ್ಯಾಸ. ಬೀದಿಯವರು ನಗುತ್ತಿದ್ದರು. ನಾವು ಲೆಕ್ಕಕ್ಕಿಡುತ್ತಿರಲಿಲ್ಲ.

ಕೈ ಕಟ್ಟು ಬಿಚ್ಚಿದ ವಾರ ಅಣ್ಣ ಊಟದ ಮಧ್ಯೆ ಹೇಳಿದ: "ಲಂಕೆಗೆ ಹೋಗಣ ಕಣೇ. ಸೈಕಲ್ಲಲ್ಲಿ."

"ಆ ಬಿಸಿಲಿಗಾ? ಕೊಡೈಕೆನಾಲ್‌ಗೆ ಹೋಗಣ, ತಂಪಾಗಿರುತ್ತೆ."

"ಕೊಡೈಕೆನಾಲ್ ಎಲ್ಲೂ ಓಡಿಹೋಗಲ್ಲ. ಲಂಕೇಲಿ ಈಗ ಯುದ್ಧ ನಿಂತಿದೆ. ಎಷ್ಟು ದಿನ ನಿಂತಿರುತ್ತೋ, ನನ್ನ ಕಣ್ಣು ಎಷ್ಟು ದಿನ ಇರುತ್ತೋ."

ಅವನಿಗೆ ಆ ದ್ವೀಪದ ಹುಚ್ಚು ಹಿಡಿದಿದ್ದು ನಕ್ಷೆಯಿಂದ. ನಡುಭಾಗದಲ್ಲಿ ಸಾವಿರಾರು ಕೆರೆಗಳು, ನೀಲಿ ಶಾಯಿ ಚೆಲ್ಲಿದ ಹಾಗೆ. ಯಾವುದೋ ಕಾಲದ ರಾಜರು ಕಟ್ಟಿಸಿದವು. ಅವುಗಳ ಏರಿಯ ಮೇಲೆ ಸೈಕಲ್ ಹೊಡೆದು, ಸಿಕ್ಕಿದ ಮರದ ಕೆಳಗೆ ಗುಡಾರ ಹಾಕಿ ಮಲಗಬೇಕು, ಅಷ್ಟೇ ಅವನ ಆಸೆ. ಸೌಕಾರ್‌ಪೇಟೆಯ ಅಂಗಡಿಯಿಂದ ಟಾರ್ಪಾಲಿನ್ ತಂದು, ಸೊಳ್ಳೆಪರದೆ ಸೇರಿಸಿ, ಅವನೇ ಕೂತು ಗುಡಾರ ಹೊಲಿದ. ಸೂಜಿಗೆ ದಾರ ನಾನು ಪೋಣಿಸಿಕೊಟ್ಟೆ.

"ವಯಸ್ಸಿಗೆ ಬಂದ ಹೆಣ್ಣನ್ನ ಕರ್ಕೊಂಡು ಕಾಡಲ್ಲಿ ಮಲಗ್ತೀಯೇನೋ?" ಎಂದು ಅಮ್ಮ ಕೂಗಾಡಿದಳು. ಅಣ್ಣ ತಮಿಳಿನಲ್ಲಿ "ವಿಡುಮ್ಮಾ" ಎಂದ, ಬಿಡಮ್ಮ ಎಂಬಂತೆ. ಅಮ್ಮ ಬಿಟ್ಟಳು. ಅವನಿಗೆ ಏನನ್ನೂ ಬೇಡ ಎನ್ನುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ಹೊರಟೆವು. ಸೈಕಲ್ಲುಗಳನ್ನು ಬಿಚ್ಚಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ವಿಮಾನಕ್ಕೆ ಹಾಕಿದೆವು, ಕೊಲಂಬೊದಿಂದ ರೈಲಿನಲ್ಲಿ ಅನುರಾಧಪುರ. ಹಗಲು ಏನೂ ತೊಂದರೆಯಿಲ್ಲ, ಸಂಜೆ ಐದಕ್ಕೆಲ್ಲ ಗುಡಾರ ಹಾಕಿಬಿಡೋಣ ಎಂದು ಅಣ್ಣ ಹೇಳಿದ್ದ. ನಾನು ನಂಬಿದ್ದೆ.

ಮೊದಲ ಬೆಳಿಗ್ಗೆಯೇ ಅವನು ದಾರಿಬದಿಯ ಹೆಂಗಸೊಬ್ಬಳ ನೀರಿನ ಬಿಂದಿಗೆಗೆ ಗುದ್ದಿದ. ಮಧ್ಯಾಹ್ನ ಒಂದು ಆಡು. ಎರಡೂ ಅವನ ಎಡಪಕ್ಕದಲ್ಲೇ ಇದ್ದವು. ಆಮೇಲೆ ನಾನು ಮುಂದೆ ಹೋಗತೊಡಗಿದೆ. ನನ್ನ ಕ್ಯಾರಿಯರ್‌ಗೆ ಕೆಂಪು ಟವೆಲ್ ಕಟ್ಟಿಕೊಂಡೆ. ಅವನು ಅದನ್ನೇ ನೋಡುತ್ತಾ ಬರುತ್ತಿದ್ದ. ಎಷ್ಟು ಕಾಣುತ್ತೆ ಎಂದು ಕೇಳಿದ್ದಕ್ಕೆ ಬೆರಳುಗಳನ್ನು ಕೊಳವೆಯಂತೆ ಮಡಚಿ ಕಣ್ಣಿಗೆ ಹಿಡಿದು ತೋರಿಸಿದ.

"ಮನೇಲಿ ಹೇಳಲಿಲ್ಲವಲ್ಲ?"

"ಹೇಳಿದ್ರೆ ಬರ್ತಿದ್ಯಾ?"

ಬಿಸಿಲು ಎಂದರೆ ನಮ್ಮೂರಿನ ಬಿಸಿಲಲ್ಲ. ಇಲ್ಲಿ ಬೆವರು ಬರುವ ಮೊದಲೇ ಆರಿಹೋಗುತ್ತಿತ್ತು. ಗಾಳಿ ಎದುರಿನಿಂದ ಕೆಂಪು ಧೂಳು ಎರಚುತ್ತಿತ್ತು. ಕೆರೆಗಳು ಸಿಕ್ಕಿದವು. ಮುಕ್ಕಾಲು ಪಾಲು ಬತ್ತಿದ್ದವು, ಬಿರುಕು ಬಿಟ್ಟ ಮಣ್ಣು, ನಡುವೆ ಸ್ವಲ್ಪ ಕೆಸರು, ಅದರಲ್ಲಿ ಎಮ್ಮೆಗಳು. ಅಣ್ಣ ಪ್ರತಿ ಏರಿಯ ಮೇಲೂ ಇಳಿದು ನಿಂತು, ತಲೆಯನ್ನು ಎಡದಿಂದ ಬಲಕ್ಕೆ ಮೆಲ್ಲಗೆ ತಿರುಗಿಸುತ್ತಿದ್ದ. ಒಂದು ಕೆರೆಯನ್ನು ಅವನು ತುಂಡು ತುಂಡಾಗಿ ಜೋಡಿಸಿಕೊಳ್ಳಬೇಕಾಗಿತ್ತು. "ನೀರೆಲ್ಲಿದೆ?" ಎಂದು ಕೇಳುತ್ತಿದ್ದ. ನಾನು ಕೈ ತೋರಿಸುತ್ತಿದ್ದೆ. ಅವನಿಗೆ ನನ್ನ ಕೈ ಕಾಣುತ್ತಿರಲಿಲ್ಲ.

ಎರಡು ರಾತ್ರಿ ಕೆರೆಯಂಗಳದ ಮರಗಳ ಕೆಳಗೆ ಮಲಗಿದೆವು. ಮೂರನೆಯ ದಿನ ಆನೆ ಬರುತ್ತದೆಂದು ಊರವರು ಹೆದರಿಸಿದ್ದರಿಂದ ಒಂದು ಬೌದ್ಧ ವಿಹಾರದ ಅಂಗಳದಲ್ಲಿ. ಮುದುಕ ಭಿಕ್ಷುವೊಬ್ಬರು ಕಪ್ಪು ಚಹಾ, ಬೆಲ್ಲದ ತುಂಡು ಕೊಟ್ಟರು. ಸಿಂಹಳರ ಆ ಊರುಗಳಲ್ಲಿ ತಮಿಳು ಮಾತಾಡಲು ನಮಗೆ ಭಯ. ನಮ್ಮನಮ್ಮಲ್ಲಿ ಬರೀ ಕನ್ನಡ. ಒಂದು ತಪಾಸಣೆ ಕಟ್ಟೆಯಲ್ಲಿ ಸೈನಿಕ ನಮ್ಮ ಮಾತು ಕೇಳಿ ತಮಿಳರಾ ಎಂದು ಗದರಿದ. ಅಣ್ಣ ಇಂಗ್ಲಿಷಿನಲ್ಲಿ, ಅಲ್ಲ, ಕನ್ನಡ ಎಂದ. "ಕೆನಡಾ?" ಎಂದು ಸೈನಿಕ ನಮ್ಮಿಬ್ಬರ ಕಪ್ಪು ಮುಖಗಳನ್ನು ನೋಡಿದ. ಮುಂದಿನ ತಿರುವು ದಾಟಿದ ಮೇಲೆ ಅಣ್ಣ ಸೈಕಲ್ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಪ್ರಯಾಣದಲ್ಲಿ ಅವನು ನಕ್ಕದ್ದು ಅಷ್ಟೇ.

ನಾಲ್ಕನೆಯ ದಿನ ಉತ್ತರಕ್ಕೆ, ಯುದ್ಧ ನಡೆದಿದ್ದ ವವುನಿಯಾ ಕಡೆಗೆ ತಿರುಗಿದೆವು. ನನ್ನ ಟ್ಯೂಬು ಎರಡು ಸಲ ಪಂಕ್ಚರ್ ಆಗಿ ಹೊತ್ತು ಹೋಯಿತು. ಹತ್ತಿರ ಊರಿರಲಿಲ್ಲ. ಸೂರ್ಯ ಮುಳುಗಿದ್ದ, ಬೆಳಕು ಇನ್ನೂ ಇತ್ತು. ನಾನು ರಸ್ತೆಬದಿಯಲ್ಲಿ ಕೂತು ಮೂರನೆಯ ಸಲ ಗಾಳಿ ಹೊಡೆಯುತ್ತಿದ್ದೆ. "ನೀನು ಹೇಳಿದ ಆ ಮರದ ಹತ್ತಿರ ಜಾಗ ಇರಬಹುದು, ನೋಡ್ತೀನಿ" ಎಂದು ಅಣ್ಣ ಸೈಕಲ್ ತಳ್ಳಿಕೊಂಡು ಹೋದ. ನಾನು ತಲೆ ಎತ್ತದೆ ಹ್ಞೂಂ ಎಂದೆ.

ತಲೆ ಎತ್ತಿದಾಗ ಕಂಡದ್ದು ಕೆಂಪು ಹಲಗೆ, ಅದರ ಮೇಲೆ ಬಿಳಿ ತಲೆಬುರುಡೆ. ಕೆಳಗೆ ಮೂರು ಭಾಷೆಯ ಬರಹ. ತಮಿಳಿನದು ಮಾತ್ರ ಓದಿದೆ: ಮಿದಿವೆಡಿ. ಕಾಲಿಟ್ಟರೆ ಸಿಡಿಯುವುದು. ಅಣ್ಣ ಆ ಹಲಗೆಯನ್ನು ದಾಟಿ ಮೂವತ್ತು ಹೆಜ್ಜೆ ಒಳಗಿದ್ದ.

"ಅಣ್ಣಾ! ನಿಲ್ಲು! ಅಲ್ಲೇ ನಿಲ್ಲು!"

ಅವನು ನಿಂತ. "ಯಾಕೆ, ಹಾವಾ?"

"ಬಾಂಬ್ ಹೂತಿದಾರಂತೆ. ಬೋರ್ಡಿದೆ. ಕಾಲು ಎತ್ತಬೇಡ."

ಅವನು ಸೈಕಲ್ಲಿನ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಆಮೇಲೆ ಬಹಳ ಸಣ್ಣಗೆ, "ನನಗೆ ಏನೂ ಕಾಣ್ತಿಲ್ಲ ಕಣೇ. ಆಗಲೇ ಒಂದು ಗಂಟೆಯಿಂದ."

ರಸ್ತೆಯ ಎರಡೂ ಕಡೆ ನೋಡಿದೆ. ಒಂದು ಗಾಡಿಯಿಲ್ಲ. ಇನ್ನು ಹತ್ತು ನಿಮಿಷಕ್ಕೆ ನನಗೂ ಕಾಣುವುದಿಲ್ಲ. ಧೂಳಿನಲ್ಲಿ ಅವನ ಚಕ್ರದ ಗುರುತು ಹಾವಿನಂತೆ ಸೊಟ್ಟಸೊಟ್ಟಗೆ ಹೋಗಿತ್ತು, ಪಕ್ಕದಲ್ಲಿ ಚಪ್ಪಲಿಯ ಗುರುತು. ಕೂಗಿ ದಾರಿ ಹೇಳಿದರೆ ಅವನು ಆ ಗುರುತಿನ ಮೇಲೇ ಕಾಲಿಡುವ ಹಾಗಿರಲಿಲ್ಲ.

"ಬರ್ತಿದೀನಿ" ಎಂದೆ.

"ಬರಬೇಡ. ಅಮ್ಮನಿಗೆ ಒಬ್ಬರಾದ್ರೂ ಬೇಕು."

ನಾನು ಹೋದದ್ದು ಧೈರ್ಯದಿಂದಲ್ಲ. ಅವನಿಲ್ಲದೆ ಆ ಮನೆಗೆ ಹೋಗಿ ಅಮ್ಮನ ಎದುರು ನಿಲ್ಲುವುದು ಇದಕ್ಕಿಂತ ಕಷ್ಟ ಎನಿಸಿತು, ಅಷ್ಟೇ. ಟಾರ್ಚ್ ಹಿಡಿದು ಅವನ ಒಂದೊಂದು ಹೆಜ್ಜೆಯ ಗುರುತಿನೊಳಗೂ ನನ್ನ ಹೆಜ್ಜೆ ಇಟ್ಟೆ. ಅವನ ಹತ್ತಿರ ಮುಟ್ಟಿದಾಗ ಅವನ ಅಂಗಿ ನೀರಲ್ಲಿ ಅದ್ದಿದ ಹಾಗೆ ಒದ್ದೆಯಾಗಿತ್ತು. ಸೈಕಲ್ಲನ್ನು ಅಲ್ಲೇ ಮಲಗಿಸಿದೆವು. ಅವನು ಎರಡೂ ಕೈಗಳನ್ನು ನನ್ನ ಭುಜದ ಮೇಲಿಟ್ಟ. ನಾನು ಒಂದು ಹೆಜ್ಜೆಯಿಟ್ಟು, ಬಗ್ಗಿ, ಅವನ ಪಾದವನ್ನು ನನ್ನ ಕೈಯಿಂದಲೇ ಹಿಡಿದು ಗುರುತಿನ ಮೇಲೆ ಇಡಿಸಿ, ಮತ್ತೆ ಒಂದು ಹೆಜ್ಜೆ. ಆ ಮೂವತ್ತು ಹೆಜ್ಜೆಗೆ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಟಾರು ರಸ್ತೆ ಕಾಲಿಗೆ ಸಿಕ್ಕಾಗ ಅದು ಇನ್ನೂ ಬಿಸಿಯಾಗಿತ್ತು. ಅವನು ಅದರ ಮೇಲೆ ಕೂತುಬಿಟ್ಟ. ನಾನು ಅವನ ಬೆನ್ನಿಗೆ ಗುದ್ದಿದೆ, ಎರಡು ಸಲ, ಜೋರಾಗಿ.

ಬೆಳಿಗ್ಗೆ ಸೈನ್ಯದ ಟ್ರಕ್ಕೊಂದು ನಿಂತಿತು. ನಾವು ಹೊಕ್ಕ ಜಾಗ ಸೈನ್ಯದ ಹಳೆಯ ಶಿಬಿರದ ಅಂಚಂತೆ. ಅಧಿಕಾರಿ ನಮ್ಮನ್ನು ಬಾಯಿಗೆ ಬಂದಂತೆ ಬೈದು, ಸೈಕಲ್ ತೆಗೆದುಕೊಡಲು ಆಗುವುದಿಲ್ಲ ಎಂದ. ಅಲ್ಲಿ ನಿಜವಾಗಿ ಬಾಂಬುಗಳು ಉಳಿದಿವೆಯಾ ಎಂದು ಕೇಳಿದೆ. "ಯಾರಿಗೆ ಗೊತ್ತು?" ಎಂದ. ನನ್ನ ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿ ನಾವು ಕೊಲಂಬೊಗೆ ವಾಪಸಾದೆವು. ಬಸ್ಸಿನಲ್ಲಿ ಅಣ್ಣನಿಗೆ ಕಿಟಕಿಯ ಪಕ್ಕದ ಸೀಟು ಕೊಟ್ಟೆ. ಅವನು, ನೀನೇ ಅಲ್ಲಿ ಕೂರು ಎಂದ.

ಅಮ್ಮನಿಗೆ ಸೈಕಲ್ ಕಳುವಾಯಿತು ಎಂದು ಹೇಳಿದೆವು. "ಹೋದರೆ ಹೋಗಲಿ, ಸೈಕಲ್ ತಾನೇ" ಎಂದಳು.

ಆಮೇಲಿನದು ಡಾಕ್ಟರು ಹೇಳಿದಂತೆಯೇ ಆಯಿತು, ಅವರು ಹೇಳಿದ್ದಕ್ಕಿಂತ ಬೇಗ. ನಕ್ಷೆ ಬರೆಯುವ ಮೇಜಿನಿಂದ ಅವನನ್ನು ಫೋನ್ ಎತ್ತುವ ಕುರ್ಚಿಗೆ ಹಾಕಿದರು. ಎರಡು ವರ್ಷ ಅಲ್ಲಿ ಕೂತು, ಆಮೇಲೆ ಕೆಲಸ ಬಿಟ್ಟ. ಬಿಳಿ ಕೋಲು ತಂದುಕೊಟ್ಟೆ, ಮುಟ್ಟಲಿಲ್ಲ. ಕೇರಳದ ಎಣ್ಣೆ, ತಿರುಪತಿಯ ಹರಕೆ, ಸೂಜಿ ಚಿಕಿತ್ಸೆ ಎಂದು ಅಮ್ಮ ಅಲೆಸಿದಳು. ಅವಳು ಎಳೆದ ಕಡೆಗೆಲ್ಲ ಅವನು ಹೋದ. ಅವಳು ಸಾಯುವ ಮುಂಚೆ ನನ್ನ ಕೈ ಹಿಡಿದು ಕೇಳಿದ್ದು ಒಂದೇ: "ನಾನು ಬೇರೆ ಯಾರನ್ನಾದ್ರೂ ಮದುವೆಯಾಗಿದ್ದರೆ?" ಹಾಗೆಲ್ಲ ಯೋಚಿಸಬೇಡ ಎಂದೆ. ಸಮಾಧಾನವಾದಂತೆ ಕಾಣಲಿಲ್ಲ.

ಈಗ ಮನೆಯಲ್ಲಿ ನಾವಿಬ್ಬರೇ. ನಾನು ಬ್ಯಾಂಕಿನಿಂದ ಬರುವ ತನಕ ಅವನು ಹಜಾರದಲ್ಲಿ ಫ್ಯಾನಿನ ಕೆಳಗೆ ಕೂತಿರುತ್ತಾನೆ. ದೀಪ ಹಾಕುವುದನ್ನು ಅವನು ಮರೆಯುವುದು ಸಹಜ, ನಾನು ಬಂದು ಹಾಕುತ್ತೇನೆ. ಆ ಪ್ರಯಾಣದ ಮಾತು ನಮ್ಮಲ್ಲಿ ಬರುವುದಿಲ್ಲ. ಒಮ್ಮೆ ಮಾತ್ರ ಬಂತು. ಊಟಕ್ಕೆ ಕೂತಿದ್ದಾಗ, ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಎಂದು ಬೆರಳಿನಿಂದ ಹುಡುಕುತ್ತಾ ಅವನು ಹೇಳಿದ: "ಆವತ್ತು ನೀನು ಕೂಗದೇ ಇರಬಹುದಿತ್ತು."

ಕೋಪದಿಂದ ಹೇಳಿದ್ದಲ್ಲ. ನಾಳೆ ಹಾಲು ಬರಲ್ಲ ಎನ್ನುವ ದನಿಯಲ್ಲಿ ಹೇಳಿದ. ನಾನು ಪಲ್ಯವನ್ನು ಅವನ ಬೆರಳಿನ ಹತ್ತಿರಕ್ಕೆ ಸರಿಸಿದೆ.