ಖೈರುನ್ನಿಸಾ ಓದುತ್ತಿದ್ದ ಟೈರುಗಳು

ಖೈರುನ್ನಿಸಾ ಯಾರ ಮುಖವನ್ನೂ ಮೊದಲು ನೋಡಿದವಳಲ್ಲ. ಕಾರು ಬಂದು ನಿಂತರೆ ಅವಳ ಕಣ್ಣು ನೇರ ಚಕ್ರಕ್ಕೆ ಹೋಗುತ್ತಿತ್ತು. ಚೂಡಿದಾರದ ತುದಿ ಮಡಚಿ ಕುಕ್ಕರಗಾಲಿನಲ್ಲಿ ಕೂತು, ಮೊಬೈಲಿನ ಬೆಳಕು ಬಿಟ್ಟು, ಟೈರಿನ ಪಕ್ಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಬೆರಳಿನಿಂದ ಒರೆಸಿ ಓದುವಳು. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವರ ಗಾಂಭೀರ್ಯ ಅದು. ಓದಿಯಾದ ಮೇಲೆ ತಲೆಯೆತ್ತಿ, "ಆರಾಮದೀರೇನ್ರಿ ಅಕ್ಕಾರ?" ಎನ್ನುವಳು.

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದಳು. ಇಳಕಲ್ಲಿನ ಹುಡುಗಿ, ಒಬ್ಬಳೇ, ಟೈರು ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಇಂಜಿನಿಯರು. ಹೊರದೇಶದ ಟೈರು ಅಮೆರಿಕದಲ್ಲಿ ಮಾರಾಟವಾಗಬೇಕಾದರೆ ಅಲ್ಲಿನ ಸರ್ಕಾರ ಆ ಕಾರ್ಖಾನೆಗೆ ಕೊಟ್ಟ ಗುರುತಿನ ಕೋಡ್ ಅದರ ಮೇಲೆ ಅಚ್ಚಾಗಿರಬೇಕಂತೆ. ಮೊದಲು ಎರಡಕ್ಷರದ ಕೋಡ್ ಇತ್ತು. ಲೋಕದಲ್ಲಿ ಕಾರ್ಖಾನೆಗಳು ಹೆಚ್ಚಿ ಎರಡಕ್ಷರ ಸಾಲದೆ ಮೂರಕ್ಕೆ ಹೋದರು. ಹಳೆಯ ಅಚ್ಚುಗಳನ್ನೆಲ್ಲ ತಿದ್ದಿಸಿ ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ.

ಅವಳು ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರುತ್ತದೋ ಇಲ್ಲವೋ.

ನನ್ನ ಅತ್ತೆ ಬಾಗಲಕೋಟೆಯಿಂದ ಎರಡು ತಿಂಗಳಿದ್ದು ಹೋಗಲೆಂದು ಬಂದವರು, ಕೊರೊನಾ ಬಂದು ಇಲ್ಲೇ ಸಿಕ್ಕಿಬಿದ್ದರು. ವಿಮಾನವಿಲ್ಲ, ಗುಡಿಗಳು ಮುಚ್ಚಿದ್ದವು. ಮನೆಯಲ್ಲಿ ಅಕ್ಕಿ ಬೇಳೆ ಇತ್ತು, ಯಜಮಾನರ ಕೆಲಸ ಉಳಿದಿತ್ತು, ನಂಜುಂಡೇಶ್ವರನ ದಯೆ. ಆದರೆ ನಾನು ನಂಜನಗೂಡಿನವಳು. ನನ್ನ ಮಾತು ಅತ್ತೆಗೆ ಸಪ್ಪೆ, ನನ್ನ ಅಕ್ಕಿರೊಟ್ಟಿ ಅವರಿಗೆ ರೊಟ್ಟಿಯೇ ಅಲ್ಲ. ಒಂದು ಬೆಳಿಗ್ಗೆ ಪಕ್ಕದ ಮನೆಯಿಂದ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿತು. ಪೂಜೆಗೆ ಕೂತಿದ್ದ ಅತ್ತೆ ಕಣ್ಣು ತೆರೆದರು.

"ಯಾರದಾರ ಅಲ್ಲಿ?"

ಅಂದಿನಿಂದ ಅವಳು ಖೈರವ್ವ, ಇವರು ಆಯಿ. ನಾನು ಮಾತ್ರ "ಏ, ಇಕಿ".

ಓಡಾಡಲು ಕೆಳಗಿನ ಪಾರ್ಕಿಂಗ್ ಬಿಟ್ಟರೆ ಬೇರೆ ಜಾಗವಿರಲಿಲ್ಲ. ತಿಂಗಳುಗಟ್ಟಲೆ ಕದಲದೆ ನಿಂತ ಕಾರುಗಳ ನಡುವೆ ಇಬ್ಬರೂ ಮಾಸ್ಕು ಹಾಕಿ ತಿರುಗುವರು. ಅತ್ತೆ ಬೆಳಕು ಹಿಡಿಯುವುದು, ಇವಳು ಓದುವುದು.

"ಇದು ಯಾವ ದೇಶದ್ದವಾ?"

"ಕಂಪನಿ ಜಪಾನಂದು ಆಯಿ, ತಯಾರಾಗಿದ್ದು ಥಾಯ್ಲೆಂಡಿನಾಗ. ಕೋಡ್ ಕಾರ್ಖಾನಿಗೆ ಕೊಡ್ತಾರ, ಕಂಪನಿಗಲ್ಲ."

"ಅಂದ್ರ ಹೆಸರು ಗಂಡನ ಮನೀದು, ಬಾಣಂತನ ತವರಮನ್ಯಾಗ ಅನ್ನು!"

ಇಬ್ಬರೂ ಕಾರಿಗೆ ಒರಗಿ ನಕ್ಕರು. ಕಾವಲಿನವನು ದೂರದಿಂದ ಕೂಗಿದ: "ಆಂಟೀ, ನಾಟ್ ಯುವರ್ ಕಾರ್ ಲಾ!"

"ನಾ ಏನ್ ನಿನ್ನ ಕಾರ್ ತಿಂತೀನೇನೋ, ನನ್ನ ಬಾಯಾಗ ಹಲ್ಲಽ ಇಲ್ಲ!" ಎಂದು ಅತ್ತೆ ಕನ್ನಡದಲ್ಲೇ ಗದರಿದರು. ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತ ನಾನು ನೋಡುತ್ತಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅತ್ತೆ ನನ್ನ ಮಾತಿಗೆ ಹಾಗೆ ನಕ್ಕಿದ್ದು ನೆನಪಿಲ್ಲ. ಕೈಯಲ್ಲಿದ್ದ ಸೀರೆಯನ್ನು ಹಿಂಡಿದ್ದನ್ನೇ ಮತ್ತೆ ಹಿಂಡಿದೆ.

ಜೋಳದ ಹಿಟ್ಟು ತರಿಸಿ ನಾನೂ ಬಡಿದು ನೋಡಿದೆ, ಒಡೆಯಿತು. ಖೈರು ಕಾರಿಡಾರಿನಲ್ಲಿ ನಿಂತು ಗಾಳಿಯಲ್ಲೇ ಕೈ ತಿರುಗಿಸಿ ತೋರಿಸಿದಳು. "ಕುದಿ ನೀರು ಹಾಕ್ರಿ ಅಕ್ಕಾರ, ಹೆದರಬ್ಯಾಡ್ರಿ." ಅವಳು ಕಲಿಸಿದ ರೊಟ್ಟಿ ಎಂದು ಅತ್ತೆ ಹೊಗಳಿ ತಿಂದರು. ಬಡಿದವಳು ನಾನು.

ಒಂದು ಸಂಜೆ ಇಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದರು. ನಾನು ಚಹಾ ತರುತ್ತಿದ್ದೆ. ಖೈರು ತನ್ನ ಕೆಲಸದ ವಿಷಯ ಹೇಳುತ್ತಿದ್ದಳು.

"ಅರ್ಜಿ ಹಾಕಿದ ಕೂಡ್ಲೆ ಕೋಡ್ ಕೊಡಂಗಿಲ್ಲ ಆಯಿ. ಹೊರಗಿನ ಕಾರ್ಖಾನಿಯವ್ರು ಅಮೆರಿಕಾದಾಗ ತಮ್ಮ ಪರವಾಗಿ ಒಬ್ಬರನ್ನ ನೇಮಿಸಬೇಕು. ನಾಳೆ ಏನರ ಆತಂದ್ರ ಹೊಣಿ ಹೊತ್ತು ನೋಟೀಸು ಇಸಗೊಳ್ಳಾಕ ಅಲ್ಲೊಬ್ಬರು ಬೇಕಲ್ರಿ."

ಅತ್ತೆ ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

"ಹಂಗಾರ ನನ್ನ ಪರವಾಗಿ ನೀ ಇರು. ಪ್ಯಾಟ್ಯಾಗ ಈ ರೋಗದಿಂದ ಸತ್ತ ನಮ್ಮಂಥಾವ್ರನ್ನೆಲ್ಲಾ ಸುಡಾಕತ್ತಾರಂತ. ನಾ ಇಲ್ಲೇ ಹ್ವಾದ್ನಿ ಅಂದ್ರ ಸುಡಾಕ ಬಿಡಬ್ಯಾಡ, ಮಣ್ಣಾಗ ಇಡಸು. ನಿಮ್ಮ ಮಂದೀನೂ ಮಣ್ಣು ಕೊಡ್ತೀರಿ, ನಿನಗ ತಿಳೀತೈತಿ."

"ಹಂಗೇನೂ ಆಗಂಗಿಲ್ಲ ಆಯಿ," ಎಂದಳು ಖೈರು. ಆಮೇಲೆ ಮೆಲ್ಲಗೆ, "ಆತು. ಮಾತು ಕೊಟ್ನಿ."

ಚಹಾ ಆರಿತು. ನಾವೂ ಲಿಂಗವಂತರೇ, ನಮ್ಮ ಮನೆಯಲ್ಲೂ ಹಿರಿಯರನ್ನು ಮಣ್ಣಿಗೇ ಇಡುವುದು. ಆ ಭಯವನ್ನು ಎದೆಯಲ್ಲಿಟ್ಟುಕೊಂಡು ಈ ಮುದುಕಿ ತಿಂಗಳುಗಟ್ಟಲೆ ನನ್ನ ಕೈಯಡುಗೆ ಉಂಡಿದ್ದಾರೆ. ಹೇಳಿದ್ದು ಮಾತ್ರ ಅವಳಿಗೆ.

ಮರುದಿನ ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟೆ. "ಅತ್ತೆ, ನಾನೇನು ಹೊರಗಿನವಳಾ? ನನಗೆ ಹೇಳಬಾರದಿತ್ತಾ?"

"ನಿನಗ ಹೇಳಿದ್ರ ಇವತ್ತಿಂದಽ ಅಳಾಕ ಚಾಲೂ ಮಾಡ್ತಿ. ಸಾರಿಗೆ ಉಪ್ಪು ಹಾಕೂದೂ ಮರೀತಿ. ಇಂಥಾ ಕೆಲಸ ಅಳಾವ್ರಿಗೆ ಹೇಳಬಾರದು."

ಯಜಮಾನರು ಅಡುಗೆಮನೆಗೆ ಬಂದು, "ಅದು ಹೊಗಳಿಕೆ ಕಣೇ," ಎಂದರು.

"ಹಾಗಾದ್ರೆ ಆ ಹೊಗಳಿಕೇನೂ ಅವಳಿಗೇ ಕೊಡಿ," ಎಂದೆ.

ಕೊನೆಗೆ ವಿಶೇಷ ವಿಮಾನ ಬಿಟ್ಟರು. ಖೈರುವಿನ ಗುತ್ತಿಗೆಯೂ ಆಗಲೇ ಮುಗಿದಿತ್ತು, ಅತ್ತೆಯ ಪಕ್ಕದಲ್ಲೇ ಅವಳಿಗೂ ಸೀಟು ಸಿಕ್ಕಿತು. ಜೊತೆಗೊಬ್ಬರು ಸಿಕ್ಕಿದ್ದು ದೊಡ್ಡ ಪುಣ್ಯ. ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರನ್ನು ಬಿಟ್ಟು ಬೇರೆಯವರನ್ನು ಒಳಗೆ ಬಿಡಲಿಲ್ಲ. ಗಾಜಿನಾಚೆ ಅತ್ತೆ ಅವಳ ತೋಳು ಹಿಡಿದು ನಡೆದರು. ತಿರುಗಿ ನೋಡಿದರು, ನಿಜ. ನನ್ನನ್ನೋ, ಮಗನನ್ನೋ, ಮಾಸ್ಕಿನಲ್ಲಿ ಗೊತ್ತಾಗಲಿಲ್ಲ.

ಊರಿಗೆ ಹೋದ ಆರೇಳು ತಿಂಗಳಿಗೆ ಅತ್ತೆ ಎದೆನೋವೆಂದು ಮಲಗಿದವರು ಏಳಲಿಲ್ಲ. ಇಲ್ಲಿಂದ ಹೊರಡಲು ನಮಗೆ ದಾರಿಯಿರಲಿಲ್ಲ. ಯಜಮಾನರು ಗೋಡೆಗೆ ಮುಖ ಮಾಡಿ ಕೂತಿದ್ದರು. ಸಂಜೆ ನನ್ನ ಫೋನಿಗೆ ವೀಡಿಯೊ ಕರೆ ಬಂತು. ಖೈರು. ತಮ್ಮನ ಬೈಕಿನ ಹಿಂದೆ ಕೂತು ಇಳಕಲ್ಲಿನಿಂದ ಬಂದಿದ್ದಳು. ತಲೆಯ ಮೇಲಿನ ದುಪ್ಪಟ್ಟಾ ಧೂಳಾಗಿತ್ತು.

"ಎಲ್ಲಾ ನಿಮ್ಮ ಪದ್ಧತಿ ಪ್ರಕಾರ ಆತ್ರಿ ಅಕ್ಕಾರ. ಹಣಿಗೆ ವಿಭೂತಿ, ಪತ್ರಿ, ಎಲ್ಲಾ. ನಾ ಹಿಂದ ನಿಂತಿದ್ನಿ, ನಿಮ್ಮ ಮೈದುನಾರು ಮುಂದ ಕರದ್ರು. ನಿಮ್ಮ ಹೆಸರ್ಲೆ ಒಂದು ಹಿಡಿ ಹಾಕೇನ್ರಿ."

ಹೇಳುತ್ತ ಕಣ್ಣೊರೆಸಿಕೊಂಡಳು. ಕೆನ್ನೆಗೆ ಮಣ್ಣು ಮೆತ್ತಿತು. ಉಗುರಿನೊಳಗೂ ಕಪ್ಪು ಮಣ್ಣಿತ್ತು. ನಾನು ಅವಳ ಮುಖ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದೆ.

"ಕೈ ತೊಳ್ಕೊ ಖೈರು, ಏನಾದ್ರೂ ಉಣ್ಣು," ಎಂದೆ.

ಆಮೇಲೆ ಅವಳನ್ನು ನೋಡಿಲ್ಲ. ಅಂದು ಫೋನಿಟ್ಟ ಮೇಲೆ ನನ್ನ ಅಂಗೈ ತಿರುಗಿಸಿ ನೋಡಿಕೊಂಡೆ. ಸ್ಯಾನಿಟೈಸರ್ ಹಚ್ಚಿ ಹಚ್ಚಿ ಬೆಳ್ಳಗೆ ಒಣಗಿತ್ತು, ಒಂದು ಕಲೆಯೂ ಇರಲಿಲ್ಲ.